ನಗರವಾಲಾ ಅವರ ಊಹೆ

ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡು ಮುಂಬಯಿಯಲ್ಲಿ ಅನ್ನವನ್ನು ಸಂಪಾದಿಸುವ ಸಹಸ್ರಾರು ಕನ್ನಡಿಗರಲ್ಲಿ ಒಬ್ಬನಾಗಿ, ದಿನಕ್ಕೆರಡು ಸಲ ಠಾಣೆಯ ನಿಲ್ದಾಣವನ್ನು ಹಾಯ್ದುಹೋಗುವ ನನಗೆ, ಆ ಊರಿನ ವಿಷಯವಾಗಿ ಬಹುಕಾಲದವರೆಗೆ ಇದ್ದ ತಿಳಿವಳಿಕೆಯೆಂದರೆ, 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಪ್ರಯಾಣಿಕರ ಮೊದಲ ರೈಲುಗಾಡಿ 21 ಮೈಲಿ ನಡೆದುಬಂದು ನಿಂತದ್ದು ಇಲ್ಲಿಯೇ ಎಂಬುದಷ್ಟೆ. ಲೋಕಲ್ ಗಾಡಿಯಲ್ಲಿ ಕಿಟಕಿಯ ಬದಿಗೆ ಸ್ಥಳ ದೊರೆಯುವುದು ಪೂರ್ವಾರ್ಜಿತ ಪುಣ್ಯದ ಫಲ. ಅಂಥ ಪುಣ್ಯ ಒದಗಿದ ದಿನಗಳಲ್ಲಿ ಹೊರಗೆ ಕಾಣುವ ಹಳಿಗಳ ಗೋಜಲನ್ನು ನೋಡುತ್ತ ಕುಳಿತರೆ ಮನಸ್ಸಿಗೆ ಯಾವ ವಿಶೇಷವಾದ ಭಾವವೂ ಹುಟ್ಟುತ್ತಿರಲಿಲ್ಲ. 1948ನೆಯ ಇಸವಿ ಜನವರಿ 25ರ ಇರುಳು, ಹುಣ್ಣಿಮೆಯ ಆಸುಪಾಸಿನ ಬೆಳುದಿಂಗಳಲ್ಲಿ, ಈ ಊರಿನಲ್ಲಿ ಕೆಲವರು ಕಲೆತು, ಮಹಾತ್ಮರ ಕೊಲೆಗೆ ಒಮ್ಮೆ ಕೈಗೂಡದೆ ಹೋದ ಸಂಚನ್ನು ಹೊಸದಾಗಿ ಹೊಸೆದರೆಂಬುದನ್ನು ಓದಿ ತಿಳಿದ ಮೇಲೆ ಮಾತ್ರ ಆ ಹಳಿಗಳ ಮೇಲಿನ ನೋಟ ಮೊದಲಿನಂತೆ ಉಳಿಯಲಿಲ್ಲ.

ಠಾಣೆಗೂ ರಾಜಕೀಯ ಹತ್ಯೆಗಳಿಗೂ ಇರುವ ನಂಟು ಅಂದಿನದಲ್ಲ. ಪೋರ್ತುಗೀಜರು ಕಟ್ಟತೊಡಗಿ, ಮರಾಠರು ಮುಗಿಸಿ, 1774ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡ ಕೋಟೆಯೇ ಮುಂದೆ ಸೆರೆಮನೆಯಾಯಿತು. ನಾಸಿಕದ ಕಲೆಕ್ಟರನೂ ಸಂಸ್ಕೃತವನ್ನು ಬಲ್ಲ ಪಂಡಿತನೂ ಆಗಿದ್ದ ಜಾಕ್ಸನ್ನನನ್ನು 1909ರ ಡಿಸೆಂಬರ್ 21ರಂದು ವಿಜಯಾನಂದ ನಾಟಕಗೃಹದಲ್ಲಿ, 'ಸಂಗೀತ ಶಾರದಾ' ನಾಟಕವನ್ನು ನೋಡಲು ಬಂದಿದ್ದ ಹೊತ್ತಿನಲ್ಲಿ, ಗುಂಡಿಟ್ಟು ಕೊಂದ ಅನಂತ ಲಕ್ಷ್ಮಣ ಕಾನ್ಹೇರೆಯೆಂಬ ಇಪ್ಪತ್ತು ತುಂಬದ ತರುಣನೂ, ಅವನ ಸಂಗಡಿಗರಾದ ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಎಂಬವರೂ 1910ರ ಏಪ್ರಿಲ್ 19ರಂದು ಇಲ್ಲಿಯೇ ಗಲ್ಲಿಗೇರಿದರು. ಅದಕ್ಕೂ ಮೂರು ದಶಕ ಹಿಂದೆ, 1879ರಲ್ಲಿ, ನಮ್ಮ ಬಿಜಾಪುರ ಸೀಮೆಯ ದೇವರ ನಾವದಗಿಯಲ್ಲಿ ಸೆರೆಸಿಕ್ಕ ವಾಸುದೇವ ಬಲವಂತ ಫಡಕೆಯನ್ನು ಏಡನ್ನಿನ ಹಡಗು ಹತ್ತಿಸುವ ಮೊದಲು ಇರಿಸಿದ್ದುದೂ ಈ ಗೋಡೆಗಳೊಳಗೇ. ಫಡಕೆಯ ವಿಚಾರಣೆಯಲ್ಲಿ ಅವನಿಗೆ ವಿರುದ್ಧವಾಗಿ ನಿಂತ ಸಾಕ್ಷ್ಯಗಳಲ್ಲಿ ಬಲವಾದದ್ದು ಅವನ ಸ್ವಹಸ್ತದ ದಿನಚರಿ. ಗುಟ್ಟಿನಲ್ಲಿ ಬದುಕುವವನಿಗೆ ಬರೆಯುವ ಚಪಲವೇಕೆ ಎಂದು ಕೇಳಬಹುದು. ಆದರೆ ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನು ಕಾಗದಕ್ಕೆ ಇಳಿಸದೆ ಇರಲಾರದ ಈ ದೌರ್ಬಲ್ಯ ಸಂಚುಗಾರರಿಗೆ ಎಷ್ಟೋ, ಅವರ ಬೆನ್ನುಹತ್ತುವ ಗೂಢಚಾರರಿಗೂ ಅಷ್ಟೇ. ಈ ಬರಹದ ವಿಷಯ ಆ ಎರಡನೆಯ ಬಗೆಯ ಒಂದು ಕಾಗದ.

ನಾಸಿಕದ ಹುಡುಗ ಸಿಕ್ಕಿಬಿದ್ದದ್ದು ಕೊಲೆಯಾದ ಮೇಲೆ. ದೆಹಲಿಯಲ್ಲಾದರೋ ಒಬ್ಬಾತ ಸಿಕ್ಕಿಬಿದ್ದದ್ದು ಕೊಲೆಗೆ ಹತ್ತು ದಿನ ಮೊದಲು. 1948ರ ಜನವರಿ 20ರ ಸಂಜೆ ಬಿರ್ಲಾ ಭವನದ ಪ್ರಾರ್ಥನಾಸಭೆಯ ಹಿಂದೆ ಮದ್ದಿನ ತುಂಡೊಂದನ್ನು ಸಿಡಿಸಿ ಕೈಗೆ ಸಿಕ್ಕಿದ ಮದನಲಾಲ ಪಾಹ್ವಾ ಪಂಜಾಬಿನಿಂದ ನೆಲೆ ತಪ್ಪಿ ಬಂದ ನಿರಾಶ್ರಿತ. ಕೆಲಕಾಲ ಮುಂಬಯಿಯಲ್ಲಿ ಅಲೆದು, ಮಾಟುಂಗದ ರುಯಿಯಾ ಕಾಲೇಜಿನ ಅಧ್ಯಾಪಕ ಜಗದೀಶಚಂದ್ರ ಜೈನರ ಪುಸ್ತಕಗಳನ್ನು ಕಮಿಷನ್ನಿನ ಮೇಲೆ ಮಾರಿ ಹೊಟ್ಟೆ ಹೊರೆದವನು. (ಮಾಟುಂಗವೆಂದರೆ ನಮ್ಮವರಿಗೆ ಮೈಸೂರು ಅಸೋಸಿಯೇಷನ್ನು, ಅಲ್ಲಿಂದ ಕೂಗಳತೆಯಲ್ಲಿ ಇಂಥದೊಂದು ಮಾತು ಕಿವಿಯಿಂದ ಕಿವಿಗೆ ಸರಿದಾಡುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ನಾಟಕದ ತಾಲೀಮಿನಲ್ಲಿ ಮಗ್ನರಾಗಿದ್ದಿರಬಹುದು.) ಆ ಪರಿಚಯದ ಸಲುಗೆಯಿಂದ ಅವನು ಜನವರಿಯ ಮೊದಲ ಭಾಗದಲ್ಲಿಯೇ, ಅಹಮದನಗರದ ಕರ್ಕರೆ ಸೇಠನೊಬ್ಬನ ಬೆಂಬಲದಿಂದ ತಾವು ಗಾಂಧೀಜಿಯನ್ನು ಕೊಲ್ಲಲಿರುವೆವೆಂದು ಜೈನರಲ್ಲಿ ಆಡಿದ್ದನು. ಜೈನರು ಅದನ್ನು ನೊಂದ ಮನಸ್ಸಿನ ಪ್ರಲಾಪವೆಂದು ಬಗೆದರು; ಇಪ್ಪತ್ತರ ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡೊಡನೆ ನಡುಗಿ, ಇಪ್ಪತ್ತೊಂದರಂದು ಮುಂಬಯಿ ಪ್ರಾಂತ್ಯದ ಪ್ರಧಾನಿ ಬಾಳಾಸಾಹೇಬ ಖೇರರನ್ನೂ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರನ್ನೂ ಕಂಡು ತಿಳಿದುದನ್ನೆಲ್ಲ ಹೇಳಿದರು. ಅಂದೇ ರಾತ್ರಿ ಅಹಮದಾಬಾದಿಗೆ ಹೊರಟ ಮೊರಾರ್ಜಿಯವರು ಬಾಂಬೆ ಸೆಂಟ್ರಲ್ ನಿಲ್ದಾಣಕ್ಕೆ ಒಬ್ಬ ಪೊಲೀಸು ಅಧಿಕಾರಿಯನ್ನು ಕರೆಯಿಸಿಕೊಂಡು, ಹೇಳಿದವರ ಹೆಸರನ್ನು ಮಾತ್ರ ಮರೆಸಿ, ವಿಷಯವನ್ನು ತಿಳಿಸಿ, ಕರ್ಕರೆಯನ್ನು ಹಿಡಿಯಬೇಕೆಂದೂ ಶಿವಾಜಿ ಪಾರ್ಕಿನ ಸಾವರ್ಕರ್ ಸದನದ ಮೇಲೆ ಕಣ್ಣಿಡಬೇಕೆಂದೂ ಆಜ್ಞಾಪಿಸಿದರು.

ಆ ಅಧಿಕಾರಿಯೇ ಜಮ್ಶೆದ್ ದೊರಾಬ್ ನಗರವಾಲಾ. ಮುಂಬಯಿ ನಗರ ಪೊಲೀಸಿನ ಡೆಪ್ಯುಟಿ ಕಮಿಷನರರಾಗಿ ಗುಪ್ತವಾರ್ತೆಯ ಶಾಖೆಯನ್ನು ನಡೆಸುತ್ತಿದ್ದ ಈ ಪಾರಸಿ ಗೃಹಸ್ಥರು ಜಡರೂ ಅಲ್ಲ, ಹಣಕ್ಕೆ ಬಗ್ಗುವವರೂ ಅಲ್ಲ; ಸಂಚುಗಾರರ ಪಕ್ಷದ ಕಡೆಗೆ ಒಲವಿದ್ದವರು ಎಂದು ಯಾರೂ ಅವರನ್ನು ಆಡಿಕೊಳ್ಳಲಿಲ್ಲ. ಅವರು ತಮ್ಮ ಬಾತ್ಮೀದಾರರನ್ನು ಎಬ್ಬಿಸಿ ಊರ ತುಂಬ ಹರಡಿದರು. ಆ ಜನ ತಂದ ಮಾತುಗಳು ಬಹುಮಟ್ಟಿಗೆ ನಿರಾಶ್ರಿತರ ನಡುವಿನಿಂದ ಎತ್ತಿದವು. ಅಂದಿನ ಮುಂಬಯಿಯ ಸುತ್ತಮುತ್ತಲ ಸ್ಥಿತಿಯನ್ನು ನೆನೆದರೆ ಇದು ಸಹಜವೇ: ಕಲ್ಯಾಣದಿಂದ ಮೂರು ಮೈಲಿಯ ಆಚೆ, ಯುದ್ಧಕಾಲದಲ್ಲಿ ಸೈನಿಕರಿಗಾಗಿ ಎಬ್ಬಿಸಿದ್ದ ಬರಾಕುಗಳಲ್ಲಿ, ಸಿಂಧಿನಿಂದ ಬಂದವರು ಲಕ್ಷದ ಲೆಕ್ಕದಲ್ಲಿ ನೆಲೆಸತೊಡಗಿದ್ದರು. ಮುಂದೆ 1949ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಬಂದು ಉಲ್ಹಾಸನಗರವೆಂದು ಹೆಸರಿಟ್ಟ ಈ ಊರನ್ನು ನಮ್ಮ ಕಡೆಯ ಹಳಬರು ಇಂದಿಗೂ 'ಕಲ್ಯಾಣ ಕ್ಯಾಂಪು' ಎಂದೇ ಕರೆಯುತ್ತಾರೆ. ಮನೆ ಮಠ ಕಳೆದುಕೊಂಡು, ಪಾಕಿಸ್ತಾನಕ್ಕೆ 55 ಕೋಟಿ ರೂಪಾಯಿ ಸಲ್ಲುವ ಸುದ್ದಿಯನ್ನು ಕೇಳಿ ಹಲ್ಲು ಕಡಿಯುತ್ತಿದ್ದವರ ಶಿಬಿರಗಳಲ್ಲಿ ಬಾತ್ಮೀದಾರನ ಕಿವಿಗೆ ಬೀಳದ ಬೆದರಿಕೆಯಾದರೂ ಯಾವುದು?

ಈ ಪಿಸುಮಾತುಗಳನ್ನೆಲ್ಲ ಸೇರಿಸಿ ನಗರವಾಲಾ ಒಂದು ಊಹೆಯನ್ನು ಕಟ್ಟಿದರು. ಗಾಂಧೀಜಿಯನ್ನು ಕೊಲ್ಲುವುದಕ್ಕಲ್ಲ, ಅಪಹರಿಸುವುದಕ್ಕೆ ಒಂದು ದೊಡ್ಡ ತಂಡ ಸಿದ್ಧವಾಗಿದೆ. ಅದಕ್ಕೆ ಸುಮಾರು 20 ಮಂದಿ ಮುಖಂಡರು, ಒಬ್ಬೊಬ್ಬನ ಕೈಕೆಳಗೆ ಸುಮಾರು 20 ಮಂದಿ ಆಳುಗಳು. ಅವರಲ್ಲಿ ಹೆಚ್ಚಿನವರು ಪಂಜಾಬಿಗಳು. ಆಯುಧಗಳ ಸಂಗ್ರಹವಾಗುತ್ತಿದೆ — ಇದು ಅದರ ಸ್ಥೂಲರೂಪ. ಮಹಾತ್ಮರನ್ನು ಎತ್ತಿಕೊಂಡು ಹೋದರೆ ಸರಕಾರದ ಮೇಲೆ ಅವರ ಪ್ರಭಾವ ತಪ್ಪುವುದು ಎಂಬುದು ಅದರ ಹಿಂದಿನ ತರ್ಕ. ಎಪ್ಪತ್ತೆಂಟು ವರ್ಷದ, ಅದೇ ತಾನೇ ಉಪವಾಸ ಮುಗಿಸಿದ ವೃದ್ಧರೊಬ್ಬರನ್ನು ನಾನೂರು ಜನ ಸೇರಿ ಹೊತ್ತೊಯ್ಯುವ ಈ ಚಿತ್ರವನ್ನು ಇಂದು ಓದಿದರೆ ನಗು ಬಂದೀತು. ಆದರೆ ಮೊರಾರ್ಜಿಯವರು ನಿಲ್ದಾಣದಲ್ಲಿ ಆಡಿದ ಮಾತಿನಲ್ಲಿ ಅಪಹರಣದ ಸೊಲ್ಲೇ ಇರಲಿಲ್ಲ, ಕೊಲೆಯೆಂದೇ ಇತ್ತು ಎಂಬುದನ್ನು ನೆನೆದರೆ ಆ ನಗು ನಿಂತುಹೋಗುತ್ತದೆ. ತನ್ನ ಸ್ವಂತ ಬಾತ್ಮೀದಾರ ತಂದದ್ದು ಮಂತ್ರಿ ಹೇಳಿದ್ದಕ್ಕಿಂತ ಹೆಚ್ಚು ನಿಜವೆಂದು ತೋರುವುದು ಗೂಢಚರ್ಯದ ವೃತ್ತಿಯ ಹಳೆಯ ರೋಗ. ಮಂತ್ರಿಯ ಮಾತು ಪುಕ್ಕಟೆಯಾಗಿ ಬಂದದ್ದು, ಬಾತ್ಮೀದಾರನದು ಕಷ್ಟಪಟ್ಟು ಸಂಪಾದಿಸಿದ್ದು.

ನಮ್ಮಲ್ಲಿ ಕೆಂಪುನಾರಾಯಣನ 'ಮುದ್ರಾಮಂಜೂಷ'ವನ್ನು ಓದಿದವರಿಗೆ ಗೂಢಚಾರನೆಂದರೆ ಚಾಣಕ್ಯನ ಚರರು ನೆನಪಿಗೆ ಬರುತ್ತಾರೆ. ಆ ಕಥೆಯಲ್ಲಿ ಒಂದು ಉಂಗುರ, ಒಂದು ಓಲೆ, ಒಬ್ಬ ಲೇಖಕನ ಅಕ್ಷರ — ಇಷ್ಟರಿಂದಲೇ ರಾಕ್ಷಸನಂಥ ಮಂತ್ರಿಯ ಸರ್ವಪ್ರಯತ್ನವೂ ಕುಸಿದುಬೀಳುತ್ತದೆ. ಚಾಣಕ್ಯನು ಉಂಗುರವನ್ನು ಕಂಡೊಡನೆ ಅದು ಯಾರದೆಂದು ಓದಿದನು. ಅದು ಯಾರದಾಗಿದ್ದರೆ ತನಗೆ ಚೆನ್ನವೆಂದು ಯೋಚಿಸುತ್ತ ಕೂರಲಿಲ್ಲ. ದೆಹಲಿಯಲ್ಲಿ ಸಿಕ್ಕಿದ ಉಂಗುರವೆಂದರೆ ಮದನಲಾಲನ ಹೇಳಿಕೆ. ಅವನು ಸಂಗಡಿಗರ ಹೆಸರುಗಳನ್ನೆಲ್ಲ ಅರಿತವನಲ್ಲ. ಆದರೆ ತನ್ನ ಜೊತೆಯಿದ್ದವರಲ್ಲಿ ಒಬ್ಬನು ಪುಣೆಯ ಮರಾಠಿ ಪತ್ರಿಕೆಯೊಂದರ ಸಂಪಾದಕನೆಂದು ಹೇಳಿದ್ದನು. 'ಅಗ್ರಣಿ' ಎಂದು ಹುಟ್ಟಿ, ಸರಕಾರ ಠೇವಣಿ ಕೇಳಿದ ಮೇಲೆ 'ಹಿಂದೂ ರಾಷ್ಟ್ರ' ಎಂದು ಹೆಸರು ಬದಲಿಸಿಕೊಂಡ ಆ ಪತ್ರಿಕೆಯ ಸಂಪಾದಕ ನಾಥೂರಾಮ ವಿನಾಯಕ ಗೋಡ್ಸೆ, ವ್ಯವಸ್ಥಾಪಕ ನಾರಾಯಣ ದತ್ತಾತ್ರೇಯ ಆಪ್ಟೆ. ಇದೇನೂ ಪಾತಾಳದಲ್ಲಿ ಹುದುಗಿದ ರಹಸ್ಯವಲ್ಲ. ಮುಂಬಯಿ ಪ್ರಾಂತ್ಯದ ಪತ್ರಿಕೆಗಳ ಪಟ್ಟಿಯೊಂದು ಸರಕಾರದ ದಫ್ತರಗಳಲ್ಲಿತ್ತು. ಅದರಲ್ಲಿ ಪತ್ರಿಕೆಯ ಹೆಸರು, ಅದರ ಮುಂದೆ ಸಂಪಾದಕನ ಹೆಸರು, ಒಡೆಯನ ಹೆಸರು, ಅದು ಯಾವ ಪಕ್ಷದ್ದೆಂಬ ಟಿಪ್ಪಣಿ — ಎಲ್ಲವೂ ಗುಮಾಸ್ತರ ಶ್ರದ್ಧೆಯಿಂದ ನಮೂದಾಗಿದ್ದವು. ಒಬ್ಬ ಜವಾನನನ್ನು ಕಳಿಸಿ ಆ ಪಟ್ಟಿಯನ್ನು ತರಿಸಿದ್ದರೆ ಸಾಕಿತ್ತು.

ಜನವರಿ 21ರಂದು ದೆಹಲಿಯಿಂದ ಇಬ್ಬರು ಅಧಿಕಾರಿಗಳು ವಿಮಾನದಲ್ಲಿ ಮುಂಬಯಿಗೆ ಬಂದು ನಗರವಾಲಾ ಅವರನ್ನು ಕಂಡದ್ದೂ, ಕೈಬೀಸಿಕೊಂಡು ಹಿಂದಿರುಗಿದ್ದೂ ನಿಜ. ಸಂಪಾದಕನ ವಿಷಯವನ್ನು ತಾವು ಹೇಳಿದೆವೆಂದು ಅವರು, ಹೇಳಲೇ ಇಲ್ಲವೆಂದು ಇವರು. ಎರಡು ದಶಕದ ಮೇಲೂ ಈ ವಿವಾದ ಇದ್ದಂತೆಯೇ ಇತ್ತು. ನನ್ನ ಮಟ್ಟಿಗೆ, ಯಾರ ಮಾತು ಸತ್ಯವೆಂಬುದಕ್ಕಿಂತ ಹೆಚ್ಚಿನ ವಿಷಾದಕ್ಕೆ ಕಾರಣವಾದ ಸಂಗತಿಯೆಂದರೆ, ದೇಶದ ಅತ್ಯಂತ ಬೆಲೆಬಾಳುವ ಪ್ರಾಣದ ವಿಷಯದಲ್ಲಿ ಎರಡು ಊರಿನ ಪೊಲೀಸರು ಪರಸ್ಪರ ಏನು ಆಡಿದರೆಂಬುದಕ್ಕೆ ಇಬ್ಬರೂ ಒಪ್ಪುವ ಒಂದು ತುಂಡು ಕಾಗದವೂ ಉಳಿಯದೆ ಹೋದದ್ದು.

ಇತ್ತ ಠಾಣೆಗೆ ಬರೋಣ. ಇಪ್ಪತ್ತರ ಪ್ರಯತ್ನ ವಿಫಲವಾದ ಮೇಲೆ ಚದುರಿದವರಲ್ಲಿ ನಾಥೂರಾಮ ಮತ್ತು ಆಪ್ಟೆ ಕಾನಪುರದ ಮಾರ್ಗವಾಗಿ ಇಪ್ಪತ್ತಮೂರಕ್ಕೆ ಮುಂಬಯಿ ಸೇರಿ, ಸುಳ್ಳು ಹೆಸರು ಕೊಟ್ಟು ಹೋಟೆಲುಗಳಲ್ಲಿ ಇಳಿದುಕೊಂಡಿದ್ದರು. ವಿಷ್ಣು ಕರ್ಕರೆ ಸುತ್ತಿಬಳಸಿ ಬಂದು ಇಪ್ಪತ್ತೈದರ ನಸುಕಿನಲ್ಲಿ ಠಾಣೆಯ ಒಂದು ಮನೆಯ ಬಾಗಿಲು ತಟ್ಟಿದನು. ಮನೆಯ ಯಜಮಾನರು ಮುಂಬಯಿಯಲ್ಲಿ ಮುದ್ರಣಾಲಯವೊಂದನ್ನು ನಡೆಸುತ್ತಿದ್ದವರು. ಅಲ್ಲಿ ಕೆಲಸ, ಇಲ್ಲಿ ಮನೆ — ನಮ್ಮಂತೆಯೇ ರೈಲಿನ ಜನ. ಅವರ ಮೇಲೆ ಮುಂದೆ ಯಾವ ಆರೋಪವೂ ಬರಲಿಲ್ಲ. ಆ ದಿನ ಠಾಣೆಯಿಂದ ಪುಣೆಗೆ, ಆಪ್ಟೆಯ ವಿಳಾಸಕ್ಕೆ, ಇಬ್ಬರೂ ಒಡನೆ ಬನ್ನಿರೆಂಬ ಅರ್ಥದ ಒಂದು ತಂತಿ ಹೋಯಿತು. ತಂತಿ ಯಾರನ್ನು ಕರೆದಿತ್ತೋ ಅವರು ಪುಣೆಯಲ್ಲಿರಲಿಲ್ಲ, ಮುಂಬಯಿಯಲ್ಲಿಯೇ ಇದ್ದರು. ರಾತ್ರಿಯ ಹೊತ್ತಿಗೆ ಅವರು ಠಾಣೆಯನ್ನು ತಲಪಿದ್ದರು. ನಾಥೂರಾಮನ ತಮ್ಮ ಗೋಪಾಲನೂ ಅಲ್ಲಿ ಕೂಡಿಕೊಂಡನೆಂಬುದು ಸರಕಾರದ ಪಕ್ಷದ ವಾದ. ಮನೆಯೊಳಗೆ ಆಡಲಾಗದ ಮಾತುಗಳಿಗಾಗಿ ಅವರು ನಿಲ್ದಾಣದ ಗೂಡ್ಸ್ ಯಾರ್ಡನ್ನು ಆರಿಸಿಕೊಂಡರೆಂದೂ, ಅಲ್ಲಿ ನಾಥೂರಾಮನು ಈ ಕೆಲಸ ಹಲವರಿಂದ ಆಗತಕ್ಕದ್ದಲ್ಲ, ತಾನೊಬ್ಬನೇ ಮಾಡುವೆನೆಂದು ತಿಳಿಸಿದನೆಂದೂ ಈ ಘಟನೆಯ ಮೇಲೆ ಪುಸ್ತಕ ಬರೆದವರು ವರ್ಣಿಸಿದ್ದಾರೆ.

ಒಬ್ಬನೇ. ನಗರವಾಲಾ ಅವರ ಊಹೆಯಲ್ಲಿ ನಾನೂರು ಮಂದಿಯಿದ್ದರು.

ಅಂದು ಮುಂಬಯಿಯ ಗುಪ್ತ ಪೊಲೀಸರ ಕಣ್ಣು ಶಿವಾಜಿ ಪಾರ್ಕಿನ ಮೇಲಿತ್ತು, ಪಂಜಾಬಿಗಳ ಹೋಟೆಲುಗಳ ಮೇಲಿತ್ತು. ಠಾಣೆಯ ದಿಕ್ಕಿಗೆ ಅದು ಹೊರಳಲು ಕಾರಣವೂ ಇರಲಿಲ್ಲ, ಸೌಕರ್ಯವೂ ಇರಲಿಲ್ಲ. ಏಕೆಂದರೆ ನಗರದ ಪೊಲೀಸು ಕಮಿಷನರನ ಆಳ್ವಿಕೆ ಒಂದು, ಪುಣೆಯಲ್ಲಿ ಕುಳಿತು ಪ್ರಾಂತ್ಯವನ್ನು ಕಾಯುವ ಇನ್‌ಸ್ಪೆಕ್ಟರ್ ಜನರಲ್ ಕಾಮಟೆಯವರದು ಇನ್ನೊಂದು, ಮತ್ತು ಠಾಣೆ ಸೇರಿದ್ದು ಈ ಎರಡನೆಯದಕ್ಕೆ. (ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಜಿಲ್ಲೆಗಳೂ ಆಗ ಅದೇ ಪುಣೆಯ ಕಚೇರಿಯ ನೆರಳಿನಲ್ಲಿದ್ದವು.) ಹೀಗೆ ಕೆಲವೇ ಆಣೆಯ ಟಿಕೇಟಿನಲ್ಲಿ, ಒಬ್ಬ ಮನುಷ್ಯ ಒಂದು ಪೊಲೀಸಿನಿಂದ ಇನ್ನೊಂದು ಪೊಲೀಸಿಗೆ ಸೇರಿಬಿಡಬಹುದಾಗಿತ್ತು.

ಇದೇ ಪುಣೆಯ ಸಿ.ಐ.ಡಿ.ಯ ಮುಖ್ಯಸ್ಥರಾದ ಡಿ.ಐ.ಜಿ. ರಾಣಾ ಎಂಬವರು ಆ ದಿನಗಳಲ್ಲಿ ಕಾರ್ಯನಿಮಿತ್ತವಾಗಿ ದೆಹಲಿಯಲ್ಲಿಯೇ ಇದ್ದರು. ಗುಪ್ತವಾರ್ತಾ ವಿಭಾಗದ ನಿರ್ದೇಶಕ ಸಂಜೀವಿಯವರು ಮದನಲಾಲನ ಹೇಳಿಕೆಯನ್ನು ಅವರಿಗೆ ಕೊಟ್ಟು, ಕೆಲಸ ಸಾಗಿಸಿರೆಂದು ಹೇಳಿ ಬೀಳ್ಕೊಟ್ಟರು. ರಾಣಾ ಅವರಾದರೋ ವಿಮಾನವನ್ನು ಬಿಟ್ಟು ರೈಲನ್ನು, ರೈಲಿನಲ್ಲಿಯೂ ನೇರವಾದ ದಾರಿಯನ್ನು ಬಿಟ್ಟು ಅಲಹಾಬಾದಿನ ಬಳಸುದಾರಿಯನ್ನು ಹಿಡಿದು, ಇಪ್ಪತ್ತೈದರಂದು ಹೊರಟವರು ಇಪ್ಪತ್ತೇಳಕ್ಕೆ ಮುಂಬಯಿ ಮುಟ್ಟಿದರು. ಕಲ್ಯಾಣದ ಜಂಕ್ಷನ್ನಿನಲ್ಲಿ ಹಳಿಗಳು ಕವಲೊಡೆಯುವುದನ್ನು ಬಲ್ಲವನಾದ ನನಗೆ ಈ ಪ್ರಯಾಣ ಕಣ್ಣಿಗೆ ಕಟ್ಟಿದಂತಿದೆ: ಥಳಘಾಟನ್ನು ಇಳಿದು ಕಸಾರೆಯ ಕಡೆಯಿಂದ ಬರುವ ಉತ್ತರದ ಗಾಡಿಯೂ, ಬೋರಘಾಟನ್ನು ಇಳಿದು ಬರುವ ಪುಣೆಯ ಗಾಡಿಯೂ ಕೂಡುವುದು ಅಲ್ಲಿಯೇ. ಆ ಬೀದಿಕೂಟದಲ್ಲಿ ಗಾಡಿ ನಿಂತಾಗ ರಾಣಾ ಅವರ ಪೆಟ್ಟಿಗೆಯೊಳಗೆ ಪುಣೆಯ ಸಂಪಾದಕನ ಸುಳಿವಿತ್ತು; ಇಳಿದು ಎದುರಿನ ಪ್ಲಾಟ್‌ಫಾರಮ್ಮಿಗೆ ನಡೆದಿದ್ದರೆ ನಾಲ್ಕು ಗಂಟೆಯೊಳಗೆ ಸ್ವಂತ ಕಚೇರಿಯ ಮೇಜಿನ ಮುಂದೆ ಇರುತ್ತಿದ್ದರು. ಅವರು ಇಳಿಯಲಿಲ್ಲ. ಗಾಡಿ ಡೊಂಬಿವಲಿಯನ್ನು ದಾಟಿ, ಠಾಣೆಯನ್ನು ದಾಟಿ, ಮುಂಬಯಿಗೆ ಹೋಯಿತು. ಅದೇ ಇಪ್ಪತ್ತೇಳರಂದು ನಾಥೂರಾಮನೂ ಆಪ್ಟೆಯೂ, ಡಿ. ನಾರಾಯಣರಾವ್, ಎನ್. ವಿನಾಯಕರಾವ್ ಎಂಬ ಹೆಸರುಗಳಲ್ಲಿ, ಏರ್ ಇಂಡಿಯಾದ ವಿಮಾನ ಹತ್ತಿ ದೆಹಲಿಗೆ ಹಾರಿದರು. ಅಂದು ಪುಣೆಗೆ ಹೋಗಿದ್ದರೂ ಅವರು ಅಲ್ಲಿ ಸಿಗುತ್ತಿರಲಿಲ್ಲವೆಂಬುದು ಸರಿ. ಆದರೆ ಅವರ ಮುಖವನ್ನು ಬಲ್ಲ ಪುಣೆಯ ಇಬ್ಬರು ಪೇದೆಗಳನ್ನು ಬಿರ್ಲಾ ಭವನದ ಹೆಬ್ಬಾಗಿಲಲ್ಲಿ ನಿಲ್ಲಿಸಲು ಇನ್ನೂ ಮೂರು ದಿನವಿತ್ತು.

ರಾಣಾ ಮುಂಬಯಿಯಲ್ಲಿ ನಗರವಾಲಾ ಅವರ ಮನೆಯಲ್ಲಿಯೇ ಇಳಿದರು. ಹೇಳಿಕೆಯ ಕಾಗದಗಳು ಅತಿಥಿಯ ಪೆಟ್ಟಿಗೆಯಿಂದ ಆತಿಥೇಯನ ಕೈಗೆ ಬಂದರೂ, ತನ್ನ ಕಥೆ ಈಗಾಗಲೇ ಸಿದ್ಧವಾಗಿದ್ದವನು ಇನ್ನೊಬ್ಬನ ಕಥೆಯನ್ನು ಓದುವ ರೀತಿಯಲ್ಲಿ, ಮೇಲೆ ಮೇಲೆ ಕಣ್ಣಾಡಿಸಿಕೊಂಡು ಹೋದವು. ಆ ರಾತ್ರಿ ಇಬ್ಬರೂ ಟೆಲಿಫೋನಿನಲ್ಲಿ ಸಂಜೀವಿಯವರೊಡನೆ ಮಾತನಾಡಿದರು. ಅಪಹರಣದ ಊಹೆ ದೆಹಲಿಗೂ ತಲಪಿತು, ಅಲ್ಲಿಯೂ ಅದನ್ನು ಯಾರೂ ತಳ್ಳಿಹಾಕಲಿಲ್ಲ. ಮೂವರು ಬುದ್ಧಿವಂತರು ಒಂದು ತಪ್ಪನ್ನು ಒಪ್ಪಿಕೊಂಡರೆ ಅದಕ್ಕೆ ಶಾಸ್ತ್ರದ ಬಲ ಬಂದುಬಿಡುತ್ತದೆ. ಬಾಯಿಂದ ಆಡಿದ್ದನ್ನು ಕಾಗದದಲ್ಲಿಯೂ ನಿಲ್ಲಿಸಬೇಕೆಂಬ ಕಚೇರಿಯ ನಿಯಮಕ್ಕೆ ಅನುಸಾರವಾಗಿ ನಗರವಾಲಾ ತಮ್ಮ ಸಿದ್ಧಾಂತವನ್ನು ವಿವರಿಸಿ ಸಂಜೀವಿಯವರಿಗೆ ಒಂದು ಪತ್ರ ಬರೆದರು. ಆ ಪತ್ರದ ತಾರೀಖು 1948ನೆಯ ಇಸವಿ ಜನವರಿ 30.

ಆ ಸಂಜೆ 5 ಗಂಟೆ 17 ನಿಮಿಷಕ್ಕೆ ಏನಾಯಿತೆಂಬುದನ್ನು ಹೇಳಬೇಕಾದ್ದಿಲ್ಲ. ಆಶ್ಚರ್ಯವೆಂದರೆ, ಅದಾದ ಮೇಲೆ ಸಮಗ್ರ ತನಿಖೆಯ ಭಾರವನ್ನು ಇದೇ ನಗರವಾಲಾ ಅವರಿಗೆ ಒಪ್ಪಿಸಲಾಯಿತು. ಮತ್ತು ಹೆಸರುಗಳು ಕೈಗೆ ಸಿಕ್ಕಿದ ಮೇಲೆ ಅವರು ಆ ಕೆಲಸವನ್ನು ಅಸಾಧಾರಣವಾದ ದಕ್ಷತೆಯಿಂದ ನೆರವೇರಿಸಿದರು. ಪುಣೆಯ ಶಸ್ತ್ರವ್ಯಾಪಾರಿ ಬಡಗೆ ಮರುದಿನವೇ ಸೆರೆಯಾದನು. ಫೆಬ್ರವರಿ 14ರಂದು ಮುಂಬಯಿಯ ಹೋಟೆಲೊಂದರಲ್ಲಿ ಆಪ್ಟೆಯೂ ಕರ್ಕರೆಯೂ ಸಿಕ್ಕಿದರು. ಗ್ವಾಲಿಯರಿನಿಂದ ಬಂದ ಬೆರೆಟ್ಟಾ ಪಿಸ್ತೂಲು, ಹೋಟೆಲಿನ ದಾಖಲೆಗಳು, ವಿಮಾನದ ಟಿಕೇಟಿನ ಹೆಸರುಗಳು, ಠಾಣೆಯ ತಂತಿ — ಒಂದೊಂದನ್ನಾಗಿ ಹೆಕ್ಕಿ ಪೋಣಿಸಿ ಕೆಂಪುಕೋಟೆಯ ವಿಶೇಷ ನ್ಯಾಯಾಲಯದ ಮುಂದೆ ಇಟ್ಟರು. ಆ ಮನುಷ್ಯನಿಗೆ ಕೊರತೆಯಾದದ್ದು ಬುದ್ಧಿಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಪ್ರಮಾಣ ಬೇಕಿಲ್ಲ. ನ್ಯಾಯಾಧೀಶ ಆತ್ಮಚರಣರು 1949ರ ಫೆಬ್ರವರಿ 10ರ ತೀರ್ಪಿನಲ್ಲಿ ನಾಥೂರಾಮನಿಗೂ ಆಪ್ಟೆಗೂ ಮರಣದಂಡನೆ ವಿಧಿಸಿ, ಸಾವರ್ಕರರನ್ನು ಬಿಡುಗಡೆ ಮಾಡಿ, ಅದರ ಜೊತೆಗೇ, ಇಪ್ಪತ್ತರಿಂದ ಮೂವತ್ತರವರೆಗಿನ ದಿನಗಳಲ್ಲಿ ಪೊಲೀಸರು ಕೊಂಚ ಚುರುಕಾಗಿದ್ದರೆ ಈ ದುರಂತ ಪ್ರಾಯಶಃ ತಪ್ಪುತ್ತಿತ್ತೆಂಬ ಅಭಿಪ್ರಾಯವನ್ನೂ ದಾಖಲಿಸಿದರು. ಅದಾಗಿ ಹದಿನೈದು ವರ್ಷ ಯಾರೂ ಆ ಮಾತನ್ನು ಕೆದಕಲಿಲ್ಲ.

ಕೆದಕಿದವರು, ವಿಚಿತ್ರವಾಗಿ, ಸಂಚುಗಾರರ ಮಿತ್ರರೇ. 1964ರ ಅಕ್ಟೋಬರಿನಲ್ಲಿ ಗೋಪಾಲ ಗೋಡ್ಸೆ, ಕರ್ಕರೆ, ಮದನಲಾಲ ಬಿಡುಗಡೆಯಾಗಿ ಬಂದಾಗ ಪುಣೆಯಲ್ಲಿ ಏರ್ಪಟ್ಟ ಸಂತೋಷಕೂಟವೊಂದರಲ್ಲಿ, ಲೋಕಮಾನ್ಯ ತಿಲಕರ ಮಗಳ ಮಗ ಗ. ವಿ. ಕೇತಕರರು, ಕೊಲೆಯ ಉದ್ದೇಶ ತಮಗೆ ಮೊದಲೇ ತಿಳಿದಿತ್ತೆಂದೂ, ಬಾಲೂಕಾಕಾ ಕಾನಿಟ್ಕರರ ಮೂಲಕ ಖೇರರಿಗೆ ಎಚ್ಚರಿಕೆ ಹೋಗಿತ್ತೆಂದೂ ಅಂದುಬಿಟ್ಟರು. ಲೋಕಸಭೆಯಲ್ಲಿ ಕೋಲಾಹಲವೆದ್ದು ವಿಚಾರಣಾ ಆಯೋಗವೊಂದು ನೇಮಕವಾಯಿತು. ಮೊದಲು ಗೋಪಾಲಸ್ವರೂಪ ಪಾಠಕರು, ಅವರು ಮಂತ್ರಿಯಾದ ಮೇಲೆ 1966ರ ನವೆಂಬರಿನಿಂದ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಜೀವನಲಾಲ ಕಪೂರರು ಅದನ್ನು ನಡೆಸಿದರು. 101 ಮಂದಿ ಸಾಕ್ಷಿಗಳು, 407 ದಾಖಲೆಗಳು, 162 ದಿನಗಳ ಸಾಕ್ಷಿವಿಚಾರಣೆ; ಮುಂಬಯಿ, ದೆಹಲಿ, ಪುಣೆ, ನಾಗಪುರ, ಬಡೋದೆ, ಚಂಡೀಗಢಗಳ ಜೊತೆಗೆ ಆಯೋಗ ನಮ್ಮ ಧಾರವಾಡದಲ್ಲಿಯೂ ಕುಳಿತಿತೆಂಬುದನ್ನು ನಮ್ಮವರಲ್ಲಿ ಹೆಚ್ಚಿನವರು ಅರಿಯರು. ಬಿರ್ಲಾ ಭವನದ ಗುಂಡಿನ ಪ್ರತಿಧ್ವನಿ ಇಪ್ಪತ್ತು ವರ್ಷ ಸುತ್ತಿ ಆ ಪೇಡೆಯ ಊರನ್ನೂ ಮುಟ್ಟಿತು.

ಕಪೂರರ ಮುಂದೆ ನಗರವಾಲಾ — ಅಷ್ಟರಲ್ಲಿ ಗುಜರಾತಿನ ಪೊಲೀಸು ಮುಖ್ಯಸ್ಥರಾಗಿದ್ದ ಹಿರಿಯರು — ಬಂದು ನಿಂತರು. ಅವರ ಮೂವತ್ತನೆಯ ತಾರೀಖಿನ ಪತ್ರ ದಾಖಲೆಯಾಗಿ ಮೇಜಿನ ಮೇಲೆ ಬಂದಿತ್ತು. ಕಾಮಟೆ ಮತ್ತು ರಾಣಾ ಅವರ ನಡುವೆ ಕೊಲೆಯ ಅನಂತರ ನಡೆದ, ಏಕೆ ಹೀಗೆ ಮಾಡಿದಿರಿ, ಏಕೆ ಹಾಗೆ ಮಾಡಲಿಲ್ಲವೆಂಬ ಕಟುವಾದ ಪತ್ರವ್ಯವಹಾರವೂ ಹೊರಬಿತ್ತು. 1969ರ ಸೆಪ್ಟೆಂಬರಿನಲ್ಲಿ ಮುಗಿದ ವರದಿಯಲ್ಲಿ ಕಪೂರರು ಅಪಹರಣದ ಊಹೆಯನ್ನು ಒಪ್ಪತಕ್ಕದ್ದೆಂದು ಕಾಣಲಿಲ್ಲ. ಅದರ ಬೆನ್ನುಹತ್ತಿದ್ದರಿಂದ ನಿಜವಾದ ಜಾಡು ಕೈತಪ್ಪಿತೆಂದೂ, ಕೊಲೆಯ ಸಂಚೊಂದನ್ನುಳಿದು ಬೇರಾವ ಊಹೆಗೂ ಆಗ ದೊರೆತಿದ್ದ ಸಂಗತಿಗಳಲ್ಲಿ ಎಡೆಯಿರಲಿಲ್ಲವೆಂದೂ ಅವರ ನಿರ್ಣಯ. ಆ ಸಂಚನ್ನು ಅವರು ಸಾವರ್ಕರ್ ಮತ್ತು ಅವರ ಬಳಗದ್ದೆಂದು ಹೆಸರಿಸಿದ್ದು, ನ್ಯಾಯಾಲಯವು ಸಾವರ್ಕರರನ್ನು ನಿರ್ದೋಷಿಯೆಂದು ಬಿಟ್ಟಿದ್ದುದರಿಂದಲೂ ಅವರು 1966ರಲ್ಲಿಯೇ ತೀರಿಕೊಂಡಿದ್ದುದರಿಂದಲೂ, ಇಂದಿಗೂ ತಣಿಯದ ವಾದಕ್ಕೆ ಕಾರಣವಾಗಿದೆ. ನಾನು ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಈ ಸಾಮಗ್ರಿಯನ್ನೆಲ್ಲ ಕೂಡಿಸಿ 1978ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದ ಮನೋಹರ ಮಳಗಾಂವಕರರು ಜೋಯಿಡಾ ಸೀಮೆಯ ಜಗಲಬೇಟದ ಕಾಡಿನ ನಡುವೆ ನೆಲೆಸಿದ್ದವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಯುದ್ಧಕಾಲದಲ್ಲಿ ಸೇನೆಯ ಗೂಢಚರ್ಯ-ನಿರೋಧ ಶಾಖೆಯಲ್ಲಿ ದುಡಿದವರು. ಸೆರೆಯಿಂದ ಹೊರಬಂದವರನ್ನು ಕಂಡು ಮಾತನಾಡಿಸಿ ಅವರು ಬರೆದದ್ದನ್ನು ಓದುವಾಗ, ತನ್ನ ಹಳೆಯ ವೃತ್ತಿಯವರು ಎಡವಿದ ಜಾಗಕ್ಕೆ ಬಂದೊಡನೆ ಲೇಖಕನ ಕಣ್ಣು ಹರಿತವಾಗುವುದನ್ನು ಗಮನಿಸಬಹುದು. ಆದರೂ ಬಾಯಿಮಾತಿನ ಸಾಕ್ಷ್ಯಕ್ಕೆ ಅವರು ಕೊಟ್ಟ ಸಲುಗೆ ಕೆಲವೆಡೆ ಅತಿಯಾಯಿತೆಂದು ನನ್ನ ಎಣಿಕೆ. ಗಲ್ಲಿನಿಂದ ಉಳಿದು ಬಂದವನು ಹದಿನಾರು ವರ್ಷ ಮನಸ್ಸಿನಲ್ಲಿಯೇ ತಿದ್ದಿ ತೀಡಿದ ಕಥೆಯೂ ಒಂದು ಬಗೆಯ ಊಹೆಯೇ ತಾನೆ?

ಕಳೆದ ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ನಮ್ಮ ಗಾಡಿ ಠಾಣೆಯಲ್ಲಿ ಎರಡು ಗಂಟೆ ತಡೆಯಿತು. ಪಕ್ಕದಲ್ಲಿ ಕುಳಿತಿದ್ದ ಕಲ್ಯಾಣದ ವೃದ್ಧರೊಬ್ಬರಿಗೆ, ಮೌನ ಭಾರವಾದ್ದರಿಂದ, ಈ ತಂತಿಯ ಕಥೆಯನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ತಾವು ಅಂಚೆ-ತಂತಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದುದಾಗಿ ತಿಳಿಸಿ, "ತಂತಿಗೆ ಅಕ್ಷರದ ಲೆಕ್ಕವಿಲ್ಲರೀ, ಶಬ್ದದ ಲೆಕ್ಕ, ಎಂಥ ದೊಡ್ಡ ಮಾತಾದರೂ ಜನ ಮೂರು ಶಬ್ದದಲ್ಲಿ ಮುಗಿಸಿಬಿಡೋರು," ಎಂದರು. ಅಷ್ಟರಲ್ಲಿ ಹಸಿರು ದೀಪ ಬಿತ್ತು.